ಆಸರಿಗೆ ಎಂತ ಬೇಕು?

ಮಾಸ್ತಪ್ಪ ಅಂಬಿಗರು ಹಸ್ತಪ್ರತಿಯನ್ನು
ಮೀನಿನ ಚೀಲದಲ್ಲಿ ತಂದಿದ್ದರು.
ಮೂವತ್ತೊಂದು ವರ್ಷ ತದಡಿಯ ಕಡವಿನಲ್ಲಿ
ಟಿಕೇಟು ಹರಿದ ಕೈ. ಅಕ್ಷರವೂ ಹಾಗೇ,
ಸಾಲಿನ ತುದಿಗೆ ಬಂದಾಗ ಹರಿದ ಹಾಗೆ.
‘ರಕ್ತ ಕುಡಿಯುವವನ ಕಾದಂಬರಿ, ತಂಗೀ.
ಪುಟಕ್ಕೆ ಇಪ್ಪತ್ತೈದಾ? ಇಪ್ಪತ್ತು ಮಾಡು.’

ಕುಮಟೆಯಲ್ಲಿ ನನ್ನದು ಎರಡು ಕಂಪ್ಯೂಟರಿನ ಅಂಗಡಿ.
ಮದುವೆಯ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು,
ಸೊಸೈಟಿಯ ವಾರ್ಷಿಕ ವರದಿ,
ಎಲ್ಲವನ್ನೂ ಮುಖ ಒಂದೇ ಇಟ್ಟುಕೊಂಡು ಕುಟ್ಟುತ್ತೇನೆ.

ಮೊದಲ ಎಂಬತ್ತು ಪುಟ ಹಿಮ ಬಿತ್ತು,
ನಮ್ಮ ಕಡೆ ಫ್ರಿಜ್ಜಿನೊಳಗೆ ಮಾತ್ರ ಬೀಳುವ ಹಿಮ.
ಕೋಟೆ, ತೋಳ, ಕರಿ ನಿಲುವಂಗಿ.
ಶವಪೆಟ್ಟಿಗೆಯ ಮುಚ್ಚಳ ಕಿರ್ ಎಂದಿತು ಒಂಬತ್ತು ಸಲ
(ನಾನು ಒಮ್ಮೆ ಕುಟ್ಟಿ ಎಂಟು ಸಲ ಅಂಟಿಸಿದೆ).
ಕೋರೆಹಲ್ಲು ಎಷ್ಟು ಹೊಳೆಯಿತೆಂದರೆ
ಪಕ್ಕದ ದಂತವೈದ್ಯರ ಬೋರ್ಡು ನೆನಪಾಯಿತು.
ಹೆದರಿದ್ದು ಒಂದೇ ಸಲ: ಕರೆಂಟು ಹೋದಾಗ,
ಸೇವ್ ಮಾಡಿರದ ಹನ್ನೆರಡನೆಯ ಅಧ್ಯಾಯಕ್ಕಾಗಿ.

ಎಂಬತ್ಮೂರನೆಯ ಪುಟದಲ್ಲಿ ಹಿಮ ನಿಂತಿತು.
ಬರೆಯುತ್ತ ಅವರಿಗೆ ದಣಿವಾಗಿರಬೇಕು;
ಕಾಣದ ಊರು ಕಟ್ಟಲೂ ತ್ರಾಣ ಬೇಕಲ್ಲ.
ಅಘನಾಶಿನಿಗೆ ಹೋಗುವ ಕೊನೆಯ ಲಾಂಚು.
ಹನ್ನೊಂದು ಜನ, ಒಂದು ಸೈಕಲ್ಲು, ಬಳಚಿನ ಬುಟ್ಟಿ.
ಹರಿದ ಟಿಕೇಟು ಹನ್ನೆರಡು.
ಗುಮಾಸ್ತ ಮತ್ತೆ ತಲೆ ಎಣಿಸುತ್ತಾನೆ. ಹನ್ನೊಂದು.
ದುಡ್ಡು ಮಾತ್ರ ಹನ್ನೆರಡು ಜನರದು, ಸರಿಯಾಗಿದೆ,
ಒಂದು ನಾಣ್ಯ ತಣ್ಣಗಿದೆ.

ಆಚೆ ದಡದ ಮನೆಯೊಂದರ ಅಂಗಳಕ್ಕೆ
ಯಾರೋ ಬಂದು ನಿಲ್ಲುತ್ತಾರೆ.
ಮೆಟ್ಟಿಲು ಹತ್ತುವುದಿಲ್ಲ. ಕರೆಯದೆ ಹತ್ತುವಂತಿಲ್ಲ.
ಬೀರಮ್ಮ, ಬಾಯಿ ಅಭ್ಯಾಸ, ಕೇಳಿಬಿಡುತ್ತಾಳೆ,
ಬಂದ ಯಾರನ್ನೂ ನಾವು ಕೇಳುವ ಹಾಗೆ:
‘ಬನ್ನಿ ಒಳಗೆ. ಆಸರಿಗೆ ಎಂತ ಬೇಕು?’

ಅವನು ಯೋಚಿಸುತ್ತಾನೆ.
‘ಈಗ ಬೇಡ,’ ಅನ್ನುತ್ತಾನೆ. ‘ನಿಮ್ಮದೆಲ್ಲ ಊಟ ಆಗಲಿ.’

ನನ್ನ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು.

ಶಿರಸಿಯ ನನ್ನ ಅತ್ತಿಗೆ ಹೇಳುವುದುಂಟು,
ಉಂಬಳ ಕಚ್ಚಿದ್ದು ತಿಳಿಯುವುದೇ ಇಲ್ಲ ಅಂತ.
ಕುಡಿದು ಬಿಟ್ಟು ಹೋದ ಮೇಲೆ,
ಬಸ್ಸು ಹತ್ತಿ ಸೀಟು ಹಿಡಿದ ಮೇಲೆ,
ಚಪ್ಪಲಿ ಯಾಕೆ ಜಾರುತ್ತಿದೆ ಎಂದು ಬಗ್ಗಿದಾಗ ತಿಳಿಯುತ್ತದೆ.
ಹಲ್ಲು ತೋರಿಸಿ ಬಂದಿದ್ದರೆ ಕಾಲು ಜಾಡಿಸುತ್ತಿದ್ದೆವು.

ಬುಧವಾರ ಪ್ರೂಫ್ ನೋಡಲು ಬಂದರು.
ಹಿಮ ತೆಗೆಯಿರಿ ಅಂದೆ. ಕೋಟೆ, ತೋಳ, ನಿಲುವಂಗಿ ಕೂಡ.
ಹಲ್ಲು ಬೇಡವೇ ಬೇಡ. ಬೀರಮ್ಮನಿಂದ ಶುರು ಮಾಡಿ.
ಅವನು ಆ ಮನೆಯಲ್ಲಿ ಎಷ್ಟು ದಿನ ಉಳಿದ,
ಮಗು ಅವನನ್ನು ಏನೆಂದು ಕರೆಯಿತು,
ಅವಳಿಗೆ ಅವನ ಮೇಲೆ ಕನಿಕರ ಹುಟ್ಟಿದ್ದು ಯಾವತ್ತು,
ಅದನ್ನು ಬರೆಯಿರಿ.
ಓದುವವಳೂ ಬೀರಮ್ಮನೇ ಅಲ್ಲವೇ,
ನಾನೇ ಕರೆದೆನಲ್ಲ ಅನ್ನಿಸಬೇಕು ಅವಳಿಗೆ.

ಮಾಸ್ತಪ್ಪನವರು ಕನ್ನಡಕ ತೆಗೆದು ಒರೆಸಿದರು.
‘ಎಂಬತ್ಮೂರಾ? ಅದು ಪುಟ ತುಂಬಲಿ ಅಂತ ಬರೆದದ್ದು.
ಲೆಕ್ಕ ತಪ್ಪಿದ್ದು ಹೌದು.
ಸಾಹೇಬರು ಮೆಮೋ ಕೊಟ್ಟಿದ್ದರು.’

ಅವರಿನ್ನೂ ಅಂಗಡಿಯ ಹೊರಗೇ ನಿಂತಿದ್ದರು, ಬಿಸಿಲಲ್ಲಿ.
ನನ್ನದೂ ಬಾಯಿ ಅಭ್ಯಾಸ:
‘ಒಳಗೆ ಬನ್ನಿ, ಆಸರಿಗೆ ಎಂತ’

ಅಂದು ನಿಲ್ಲಿಸಿದೆ. ಫ್ಯಾನು ಒಂದು ಸುತ್ತು ತಿರುಗಿತು.
ಮೇಜಿನ ಮೇಲೆ ನಾನು ಕುಡಿದು ಬಿಟ್ಟ ಮುರುಗಲ ಪಾನಕ,
ಅರ್ಧ ಲೋಟ, ಕೆಂಪಗೆ.
ಮಾಸ್ತಪ್ಪನವರು ನಕ್ಕರು. ನಕ್ಕಿರಬೇಕು.
ನಾನು ಪರದೆಯ ಕಡೆ ತಿರುಗಿ
ಕಾಗುಣಿತ ತಿದ್ದುತ್ತಿದ್ದೆ,
ಅವರ ಹಲ್ಲು ಕಾಣದ ಹಾಗೆ.